ಗುಳ್ಳದ ರುಚಿ ಬೀಜದ್ದೋ, ಮಣ್ಣಿನದೋ?

ಮಟ್ಟುಗುಳ್ಳವನ್ನು ಬೇರೆ ಊರಿನಲ್ಲಿ ನೆಟ್ಟರೆ ಅದೇ ರುಚಿ ಬಂದೀತೇ? ಉಡುಪಿಯ ಸುತ್ತಮುತ್ತ ಈ ಪ್ರಶ್ನೆಗೆ ಹೆಚ್ಚಿನವರು ತಲೆ ಅಡ್ಡ ಆಡಿಸುತ್ತಾರೆ. ಮಟ್ಟುವಿನ ಮಣ್ಣೇ ಬೇರೆ ಎನ್ನುತ್ತಾರೆ ಕೆಲವರು. ಅಲ್ಲಿನ ನೀರಿನ ಗುಣ ಎನ್ನುತ್ತಾರೆ ಇನ್ನು ಕೆಲವರು. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜವದು ಎಂದು ಕೈಮುಗಿಯುವ ಹಿರಿಯರೂ ಇದ್ದಾರೆ. ಕಟಪಾಡಿ ಹತ್ತಿರದ ಆ ಪುಟ್ಟ ಊರಿನ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂತು. ಬೆಳೆಯ ಗುಣಕ್ಕೂ ಬೆಳೆದ ನೆಲಕ್ಕೂ ನಂಟಿದೆ ಎಂಬುದೇ ಅಂಥ ಮಾನ್ಯತೆಯ ಅರ್ಥ. ಆದರೆ ಆ ನಂಟಿನಲ್ಲಿ ಬೀಜದ ಪಾಲೆಷ್ಟು, ಮಣ್ಣಿನ ಪಾಲೆಷ್ಟು?

ಇದನ್ನು ಹತ್ತು ವರ್ಷದ ಮಗು ತನ್ನ ಮನೆಯಂಗಳದಲ್ಲೇ ಪರೀಕ್ಷಿಸಬಹುದು. ಒಂದೇ ಕಡೆಯಿಂದ ತಂದ ಗುಳ್ಳದ ಬೀಜ, ಒಂದೇ ಅಳತೆಯ ಗ್ರೋ ಬ್ಯಾಗ್‌ಗಳು, ಒಂದೇ ಪ್ರಮಾಣದ ಹಟ್ಟಿಗೊಬ್ಬರ, ಒಂದೇ ಬಾವಿಯ ನೀರು. ಬೇರೆಯಾಗಬೇಕಾದ್ದು ಮಣ್ಣು ಮಾತ್ರ. ಕಾಪುವಿನ ನೆಂಟರ ಹಿತ್ತಿಲಿನ ಹೊಯಿಗೆ ಮಣ್ಣು (ಕಡಲ ದಂಡೆಯ ಹೊಯಿಗೆ ಬೇಡ, ಅದರಲ್ಲಿ ಉಪ್ಪಿರುತ್ತದೆ), ಮಣಿಪಾಲದ ಮುರಕಲ್ಲಿನ ಮಣ್ಣು, ಕಾರ್ಕಳದ ಕೆಂಪು ಮಣ್ಣು. ಮಟ್ಟುವಿನ ಬೆಳೆಗಾರರ ಪರಿಚಯವಿದ್ದರೆ ಕೇಳಿ ಅಲ್ಲಿಂದಲೂ ಒಂದು ಚೀಲ ತನ್ನಿ. ಪ್ರತಿ ಮಣ್ಣಿಗೂ ಕಡಿಮೆಯೆಂದರೆ ಮೂರು ಗಿಡ ಬೇಕು. ಒಂದೇ ಗಿಡ ನೆಟ್ಟು ಅದು ಸೊರಗಿದರೆ, ತಪ್ಪು ಮಣ್ಣಿನದೋ ಆ ಗಿಡದ್ದೋ ಎಂದು ತಿಳಿಯುವುದಿಲ್ಲ. ಮಳೆಯ ಬಿರುಸು ಇಳಿಯುವ ಹೊತ್ತಿಗೆ ಸಸಿ ನೆಟ್ಟರೆ ವರ್ಷ ಮುಗಿಯುವ ಸುಮಾರಿಗೆ ಕಾಯಿ ಕೈಗೆ ಬರುತ್ತದೆ. ಆಗ ಮಸಾಲೆ ಹಾಕದೆ ಉಪ್ಪು ನೀರಿನಲ್ಲಿ ಬೇರೆಬೇರೆಯಾಗಿ ಬೇಯಿಸಿ, ತಟ್ಟೆಯ ಅಡಿಯಲ್ಲಿ ಸಂಖ್ಯೆ ಬರೆದಿಟ್ಟು, ಅಜ್ಜ ಅಜ್ಜಿಗೆ, ಪಕ್ಕದ ಮನೆಯವರಿಗೆ ಕಣ್ಣು ಕಟ್ಟಿ ರುಚಿ ನೋಡಿಸಿ. ಬಡಿಸುವವರಿಗೂ ಯಾವ ತಟ್ಟೆ ಯಾವುದೆಂದು ಗೊತ್ತಿರಬಾರದು. ಹೊಸ ಔಷಧಿಗಳನ್ನು ಪರೀಕ್ಷಿಸುವಾಗ ವೈದ್ಯ ವಿಜ್ಞಾನಿಗಳೂ ಇದೇ ಎಚ್ಚರ ವಹಿಸುತ್ತಾರೆ. ಉತ್ತರ ಏನೇ ಬರಲಿ, ಅದು ಆ ಮಗು ಸ್ವತಃ ಕಂಡುಕೊಂಡ ಉತ್ತರ.

ಕೈತೋಟದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇವೆಂದು ಹೊರಟ ಹಿರಿಯರಲ್ಲಿ ಹೆಚ್ಚಿನವರು ಪಾಠಕ್ಕೇ ಕೈಹಾಕುತ್ತಾರೆ. ಇದು ದಳ, ಇದು ಕೇಸರ, ಎಲೆಯಲ್ಲಿ ನಡೆಯುವುದು ದ್ಯುತಿಸಂಶ್ಲೇಷಣೆ. ಇವೆಲ್ಲ ಪುಸ್ತಕದಲ್ಲಿವೆ, ಶಾಲೆಯಲ್ಲಿ ಹೇಗೂ ಬರುತ್ತವೆ. ಹಿತ್ತಿಲು ಕೊಡಬೇಕಾದದ್ದು ಬೇರೆ: ಏನಾಗಬಹುದು ಎಂದು ಮೊದಲೇ ಊಹಿಸಿ ಬರೆದಿಡುವ ಅಭ್ಯಾಸ, ಒಂದು ಸಲಕ್ಕೆ ಒಂದನ್ನೇ ಬದಲಿಸುವ ಶಿಸ್ತು, ಅಳೆದು ತಾರೀಕು ಹಾಕುವ ತಾಳ್ಮೆ. ಮಗುವಿನ ಊಹೆ ತಪ್ಪಾದಾಗ ಅದನ್ನು ಅಳಿಸಲು ಬಿಡಬೇಡಿ. ತಪ್ಪಾದ ಊಹೆಯ ಪಕ್ಕದಲ್ಲಿ ನಿಜವಾಗಿ ಆದದ್ದನ್ನು ಬರೆದಿಟ್ಟ ಪುಟವೇ ಮಗುವಿನ ಟಿಪ್ಪಣಿ ಪುಸ್ತಕದ ಬೆಲೆಬಾಳುವ ಪುಟ.

ಮಣ್ಣಿನಿಂದ ಶುರು

ಬೀಜ ಬಿತ್ತುವ ಮೊದಲು ಒಂದು ವಾರ ಮಣ್ಣಿಗೆ ಕೊಡಿ. ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಹೊಯಿಗೆ ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ, ಅದರ ಮೇಲೆ ನುಣುಪಾದ ಗೋಡು ನಿಲ್ಲಲು ಗಂಟೆಗಳು ಬೇಕು, ಜೇಡಿ ಮಾತ್ರ ಮರುದಿನವೂ ನೀರನ್ನು ಕೆಂಪಾಗಿಯೇ ಇಟ್ಟಿರುತ್ತದೆ. ಕಣ ಸಣ್ಣದಾದಷ್ಟೂ ಇಳಿಯುವುದು ನಿಧಾನ. ಪದರಗಳ ದಪ್ಪವನ್ನು ಸ್ಕೇಲಿನಿಂದ ಅಳೆದರೆ ಶೇಕಡಾವಾರು ಲೆಕ್ಕವೂ ಆಯಿತು. ಕಾಪುವಿನ ಬಾಟಲಿಯನ್ನೂ ಕಾರ್ಕಳದ ಬಾಟಲಿಯನ್ನೂ ಅಕ್ಕಪಕ್ಕ ಇಟ್ಟರೆ, ಒಂದೂರಿನಲ್ಲಿ ದಿನಾ ನೀರು ಹೊಯ್ಯಬೇಕಾದ ಬಸಳೆಗೆ ಇನ್ನೊಂದೂರಿನಲ್ಲಿ ದಿನ ಬಿಟ್ಟು ದಿನ ಏಕೆ ಸಾಕು ಎಂಬುದು ಕಣ್ಣಿಗೇ ಕಾಣುತ್ತದೆ.

ನಮ್ಮ ಮಣ್ಣಿನ ಕೆಂಪಿಗೆ ಕಾರಣ ಕಬ್ಬಿಣ. ಲಕ್ಷಾಂತರ ವರ್ಷಗಳ ಮಳೆ ಮಣ್ಣಿನಲ್ಲಿದ್ದ ಸುಣ್ಣ, ಪೊಟ್ಯಾಶ್, ಸಿಲಿಕಾಗಳನ್ನು ತೊಳೆದುಕೊಂಡು ಹೋಗಿದೆ. ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ನೀರಿಗೆ ಕರಗದೆ ಉಳಿದಿವೆ. ಮುರಕಲ್ಲು ಆದದ್ದು ಹೀಗೆ. ಸುಣ್ಣದಂಶ ತೊಳೆದು ಹೋದದ್ದರಿಂದಲೇ ಕರಾವಳಿಯ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ರಂಜಕವು ಕಬ್ಬಿಣ, ಅಲ್ಯೂಮಿನಿಯಮ್ಮಿಗೆ ಅಂಟಿಕೊಂಡು ಗಿಡದ ಬೇರಿಗೆ ಸಿಗದೆ ಹೋಗುತ್ತದೆ. ಗೊಬ್ಬರ ಹಾಕಿದರೂ ಗಿಡ ಏಳುತ್ತಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಕಾರಣವಿರುತ್ತದೆ.

ಈ ಹುಳಿಯನ್ನು ಮಕ್ಕಳಿಗೆ ತೋರಿಸಲು ದಾಸವಾಳ ಸಾಕು. ಏಳೆಂಟು ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿದರೆ ನೇರಳೆ ಛಾಯೆಯ ನೀರು ಸಿಗುತ್ತದೆ. ಅದನ್ನು ಪುಟ್ಟ ಲೋಟಗಳಿಗೆ ಹಂಚಿ, ಒಂದಕ್ಕೆ ಲಿಂಬೆರಸ, ಇನ್ನೊಂದಕ್ಕೆ ಒಲೆಬೂದಿಯ ತಿಳಿನೀರು ಹಾಕಿ. ಒಂದು ಗುಲಾಬಿ ಕೆಂಪಾಗುತ್ತದೆ, ಇನ್ನೊಂದು ಹಸಿರಿಗೆ ತಿರುಗುತ್ತದೆ. ಈಗ ಮಣ್ಣನ್ನು ಮಳೆನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಬಟ್ಟೆಯಲ್ಲಿ ಸೋಸಿ ಮೂರನೇ ಲೋಟಕ್ಕೆ ಹಾಕಿ. ಇಲ್ಲಿ ಬಣ್ಣದ ಬದಲಾವಣೆ ಮಂದವಾಗಿರುತ್ತದೆ, ಬಿಳಿ ಕಾಗದ ಹಿಂದಿಟ್ಟು ನೋಡಬೇಕು. ನಿಖರ ಅಂಕೆ ಬೇಕಾದವರಿಗೆ ಪಿಎಚ್ ಕಾಗದ ಅಂಗಡಿಯಲ್ಲಿ ಸಿಗುತ್ತದೆ.

ಇಲ್ಲಿಗೇ ನಿಲ್ಲಿಸಬೇಡಿ. ಬಸಳೆಯ ಕಪ್ಪು ಹಣ್ಣು ಹಿಂಡಿ ಅದರ ರಸಕ್ಕೂ ಲಿಂಬೆ ಹಾಕಿಸಿ. ಮಕ್ಕಳು ದಾಸವಾಳದಂತೆಯೇ ಬಣ್ಣ ಬದಲಾಗುವುದೆಂದು ಕಾಯುತ್ತಾರೆ, ಅದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ದಾಸವಾಳದ ಬಣ್ಣ ಆಂಥೋಸಯನಿನ್. ಬಸಳೆ ಹಣ್ಣು, ಕೆಂಪು ಹರಿವೆ, ಬೀಟ್‌ರೂಟ್‌ಗಳ ಬಣ್ಣ ಬೀಟಲೇನ್ ಎಂಬ ಬೇರೆಯೇ ಕುಲದ್ದು, ಹುಳಿಗೆ ಸುಲಭವಾಗಿ ಮಣಿಯುವುದಿಲ್ಲ. ನೋಡಲು ಒಂದೇ ತರಹದ ಕೆಂಪು ಒಳಗೆ ಬೇರೆ ಇರಬಹುದು ಎಂಬ ಅನುಮಾನ ಮಗುವಿನಲ್ಲಿ ಹುಟ್ಟಿದರೆ ಅರ್ಧ ರಸಾಯನಶಾಸ್ತ್ರ ಕಲಿತಂತೆ.

ಬೂದಿಯ ನೀರು ದಾಸವಾಳವನ್ನು ಹಸಿರು ಮಾಡಿದ್ದನ್ನು ನೋಡಿದ ಮಗುವನ್ನು ಅಜ್ಜಿಯ ಬಳಿ ಕಳಿಸಿ, ಹರಿವೆ ಸಾಲಿಗೆ ಬೂದಿ ಏಕೆ ಎರಚುತ್ತಿದ್ದರು, ಸುಡುಮಣ್ಣು ಏಕೆ ಮಾಡುತ್ತಿದ್ದರು ಎಂದು ಕೇಳಲು ಹೇಳಿ. ತರಗೆಲೆ, ಮಡಲು, ಮಣ್ಣುಗಳನ್ನು ಪದರವಾಗಿ ಹಾಕಿ ಸುಟ್ಟರೆ ಬೂದಿಯ ಕ್ಷಾರ ಹುಳಿಯನ್ನು ತಗ್ಗಿಸುತ್ತದೆ, ಪೊಟ್ಯಾಶ್ ಸಿಗುತ್ತದೆ, ಕಳೆಬೀಜ ಸಾಯುತ್ತದೆ. ಜೊತೆಗೇ ಎಲೆಯಲ್ಲಿದ್ದ ಸಾರಜನಕದ ಹೆಚ್ಚಿನ ಪಾಲು ಹೊಗೆಯಾಗಿ ಹೋಗುತ್ತದೆ, ಮಣ್ಣಿನ ಜೈವಿಕಾಂಶವೂ ಕರಗುತ್ತದೆ. ಹಿರಿಯರ ಕ್ರಮವನ್ನು ಕಣ್ಣುಮುಚ್ಚಿ ಹೊಗಳುವುದೂ ಬೇಡ, ಹಳೆಯದೆಂದು ತಳ್ಳುವುದೂ ಬೇಡ. ಎರಡು ಚೀಲ ಹರಿವೆ ಬಿತ್ತಿ, ಒಂದಕ್ಕೆ ಸುಡುಮಣ್ಣು ಬೆರೆಸಿ, ಇನ್ನೊಂದಕ್ಕೆ ಅಷ್ಟೇ ಸಾದಾ ಮಣ್ಣು ಬೆರೆಸಿ, ತಿಂಗಳ ಕೊನೆಗೆ ಕಿತ್ತು ತೂಗಿ ನೋಡಲಿ.

ಮಳೆಯನ್ನು ಲೀಟರಿನಲ್ಲಿ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಎಂದರೆ ಮಗುವಿಗೆ ಏನೂ ಅನ್ನಿಸದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು ಎಂದು ತಿಳಿಸಿ, ಮನೆಯ ಮಾಡಿನ ಅಳತೆ ಹಿಡಿಸಿ. 100 ಚದರ ಮೀಟರಿನ ಮಾಡಿಗೆ ವರ್ಷಕ್ಕೆ 4 ಲಕ್ಷ ಲೀಟರ್. ಅದೇ ಮನೆಯಲ್ಲಿ ಏಪ್ರಿಲ್‌ನಲ್ಲಿ ಬಾವಿ ಬತ್ತುವುದೇಕೆ ಎಂಬ ಪ್ರಶ್ನೆ ಆಗ ತಾನಾಗಿ ಬರುತ್ತದೆ.

ಮಳೆಮಾಪಕಕ್ಕೆ ನೇರ ಬದಿಯ ಪ್ಲಾಸ್ಟಿಕ್ ಬಾಟಲಿ ಬೇಕು. ಕುತ್ತಿಗೆಯ ಭಾಗ ಕತ್ತರಿಸಿ ಆಳಿಗೆಯಂತೆ ತಲೆಕೆಳಗಾಗಿ ಕೂರಿಸಿ. ಬಾಟಲಿಯ ತಳ ಸಮತಟ್ಟಾಗಿರುವುದಿಲ್ಲವಾದ್ದರಿಂದ, ಬದಿ ನೇರವಾಗುವಲ್ಲಿಯವರೆಗೆ ಮೊದಲೇ ನೀರು ತುಂಬಿ ಅಲ್ಲಿಂದ ಸೊನ್ನೆ ಗುರುತಿಸಿ. ಮಾಡಿನ ಹನಿ, ಮರದ ಹನಿ ಬೀಳದ ಕಡೆ ಇಡಬೇಕು. ದಿನಾ ಬೆಳಿಗ್ಗೆ 8.30ಕ್ಕೆ ಅಳೆಯಲಿ. ಹವಾಮಾನ ಇಲಾಖೆಯ ಮಳೆದಿನ ಮುಗಿಯುವುದೂ ಆ ಹೊತ್ತಿಗೇ, ಹಾಗಾಗಿ ಪತ್ರಿಕೆಯಲ್ಲಿ ಬರುವ ಅಂಕಿಯೊಡನೆ ಹೋಲಿಸಬಹುದು. ಕಾಪುವಿನಲ್ಲಿ ಒಬ್ಬ, ಕಾರ್ಕಳದಲ್ಲಿ ಅವನ ಚಿಕ್ಕಮ್ಮನ ಮಗಳು ಒಂದೇ ದಿನ ಅಳೆದು ಫೋನಿನಲ್ಲಿ ಹೇಳಿಕೊಂಡರೆ ಇನ್ನೂ ಒಳ್ಳೆಯದು. ಘಟ್ಟದ ಕಡೆ ಸರಿದಂತೆ ಮೋಡ ಮೇಲೇರಿ ತಣಿದು ಮಳೆ ಸಾಮಾನ್ಯವಾಗಿ ಹೆಚ್ಚುತ್ತದೆ ಎಂಬ ಭೂಗೋಳದ ಪಾಠ ಇಬ್ಬರ ಪುಸ್ತಕದಲ್ಲೂ ತಾವೇ ಬರೆದ ಅಂಕಿಗಳಾಗಿ ಮೂಡುತ್ತದೆ. ಅಳೆದ ನೀರನ್ನು ಚೆಲ್ಲಿ ಬಾಟಲಿಯನ್ನು ಮತ್ತೆ ಸೊನ್ನೆಗೆ ತರುವುದು ಮರೆಯಬಾರದು, ಹಳೆ ನೀರು ನಿಂತರೆ ಸೊಳ್ಳೆಯ ಮರಿಗಳಾಗುತ್ತವೆ.

ಯಾವುದನ್ನು ಯಾವಾಗ

ಮೇ ಕೊನೆಗೆ, ಮುಂಗಾರು ಕಾಲಿಡುವ ಮೊದಲು, ಬೆಂಡೆ, ಮುಳ್ಳುಸೌತೆ, ಹೀರೆ, ಪಡುವಲ, ಹಾಗಲ. ಅಕ್ಟೋಬರಿನಿಂದ ಅಲಸಂಡೆ, ಹರಿವೆ, ಗುಳ್ಳ, ಸೌತೆ. ಬಸಳೆಗೆ ಚಪ್ಪರವಿದ್ದರೆ ಹೆಚ್ಚಿನ ಕಾಲವೆಲ್ಲ ನಡೆಯುತ್ತದೆ, ದಂಡು ನೆಟ್ಟರೆ ಗೆಣ್ಣಿನಿಂದ ಬೇರು ಬರುತ್ತದೆ. ಪುಟ್ಟ ಮಕ್ಕಳಿಗೆ ಮೊದಲ ಬೆಳೆಯಾಗಿ ಬೆಂಡೆ ಅಥವಾ ಅಲಸಂಡೆಯನ್ನೇ ಕೊಡಿ. ಬೀಜ ದೊಡ್ಡದು, ನಾಲ್ಕೈದು ದಿನದಲ್ಲಿ ಮೊಳೆಯುತ್ತದೆ, ಕಾಯುವ ಬೇಸರವಿಲ್ಲ.

ಬಿತ್ತುವ ಮೊದಲು ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ಎಂದು ಎಣಿಸಲಿ. ಎಂಟು ಮೊಳೆತರೆ ಶೇ. 80. ಮೊದಲ ಗ್ರಾಫಿಗೆ ಬೆಂಡೆಕಾಯಿಯೇ ಸರಿ. ತಿಳಿ ಹಳದಿಯ, ನಡುವೆ ಕಡುಕೆಂಪಿನ ಹೂ ಬೆಳಿಗ್ಗೆ ಅರಳಿ ಅದೇ ದಿನ ಮುದುಡುತ್ತದೆ. ಮರುದಿನದಿಂದ ಕಾಯಿಯ ಉದ್ದವನ್ನು ದಿನಾ ಒಂದೇ ಹೊತ್ತಿಗೆ ಅಳೆದು ಚೌಕಳಿ ಹಾಳೆಯಲ್ಲಿ ಚುಕ್ಕಿ ಇಡಿಸಿ. ಐದಾರು ದಿನಕ್ಕೆ ಪಲ್ಯದ ಹದ ಬರುತ್ತದೆ. ಒಂದೇ ಒಂದು ಕಾಯಿಯನ್ನು ಕೊಯ್ಯದೆ ಬಿಟ್ಟರೆ ಗೆರೆ ಮೊದಲು ನಿಧಾನ ಏರಿ, ಆಮೇಲೆ ಜಿಗಿದು, ಕೊನೆಗೆ ಮಟ್ಟಸವಾಗುವುದು ಕಾಣುತ್ತದೆ. ಮಗುವಿನ ಎತ್ತರದ ಗುರುತುಗಳನ್ನು ಗೋಡೆಯ ಮೇಲೆ ಹಾಕುತ್ತ ಬಂದಿರುವ ಮನೆಯಾದರೆ ಎರಡು ಗ್ರಾಫನ್ನೂ ಪಕ್ಕಪಕ್ಕ ಬರೆಯಿಸಿ.

ಹೂವಿನ ಹೊತ್ತು

ಹಿತ್ತಿಲ ವಿಜ್ಞಾನದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹೂವು. ಸೌತೆ, ಹೀರೆ, ಹಾಗಲ, ಪಡುವಲಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಆಗಲೇ ಒಂದು ಪುಟ್ಟ ಕಾಯಿ ಇರುತ್ತದೆ. ದಿನಾ ಎರಡನ್ನೂ ಎಣಿಸಿ ಬರೆದರೆ ಗಂಡು ಹೂವುಗಳೇ ಮೊದಲು ಬರುತ್ತವೆ, ಹೆಚ್ಚೂ ಇರುತ್ತವೆ ಎಂಬುದು ಮಕ್ಕಳಿಗೆ ತಾನೇ ಗೊತ್ತಾಗುತ್ತದೆ. ಹೂವೆಲ್ಲ ಉದುರಿತು, ಯಾರದೋ ಕಣ್ಣು ತಾಗಿತು ಎಂದು ದೊಡ್ಡವರು ಪೇಚಾಡುವಾಗ, ಉದುರಿದವು ಗಂಡು ಹೂಗಳು ಎಂದು ಎಂಟು ವರ್ಷದವಳು ಹೇಳಬಲ್ಲಳು.

ಯಾವ ಹೂ ಎಷ್ಟು ಹೊತ್ತಿಗೆ ಅರಳುತ್ತದೆ ಎಂಬ ಪಟ್ಟಿಯೇ ಒಂದು ಒಳ್ಳೆಯ ಅಧ್ಯಯನ. ಹೀರೆ ಸಂಜೆ ಅರಳುತ್ತದೆ, ತುಪ್ಪದ ಹೀರೆ ಮುಂಜಾನೆ. ಪಡುವಲದ ಬಿಳಿ ಹೂವು ಕತ್ತಲಾಗುವಾಗ ತನ್ನ ನೂಲಿನಂಥ ಅಂಚನ್ನು ಬಿಚ್ಚುತ್ತದೆ. ರಾತ್ರಿ ಬರುವ ಪತಂಗಕ್ಕೆ ಬಿಳಿ ಎದ್ದು ಕಾಣುತ್ತದೆ. ಜಡಿಮಳೆಯ ದಿನಗಳಲ್ಲಿ ನೊಣ, ದುಂಬಿಗಳು ಹೊರಡದೆ ಎಳೆ ಕಾಯಿಗಳು ಹಳದಿಯಾಗಿ ಬೀಳುತ್ತವೆ. ಆಗ ಕೊಡೆ ಹಿಡಿದು ಗಂಡು ಹೂವಿನ ಕೇಸರವನ್ನು ಹೆಣ್ಣು ಹೂವಿನ ಶಲಾಕೆಯ ತುದಿಗೆ ಮೆಲ್ಲಗೆ ತಾಗಿಸಿ, ಆ ಹೂವಿಗೊಂದು ನೂಲು ಕಟ್ಟಿ. ನೂಲು ಕಟ್ಟಿದವುಗಳಲ್ಲಿ ಎಷ್ಟು ನಿಂತವು, ಕಟ್ಟದವುಗಳಲ್ಲಿ ಎಷ್ಟು?

ಗುಳ್ಳದ ಹೂವಿನ ಕಥೆಯೇ ಬೇರೆ. ಅದರ ಹಳದಿ ಕೇಸರಗಳು ಸೀಳಿ ತೆರೆಯುವುದಿಲ್ಲ, ತುದಿಯಲ್ಲಿ ಸೂಜಿಮೊನೆಯಂಥ ರಂಧ್ರ ಮಾತ್ರ ಇರುತ್ತದೆ. ಪರಾಗ ಹೊರಬರಬೇಕಾದರೆ ಹೂವನ್ನು ನಡುಗಿಸಬೇಕು. ಕಪ್ಪಗೆ ದಪ್ಪಗಿರುವ, ಮರ ಕೊರೆಯುವ ದುಂಬಿ ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬೀಸದೆ ಸ್ನಾಯುವನ್ನಷ್ಟೇ ಕಂಪಿಸುತ್ತದೆ. ಹಾರುವಾಗಿನ ಸದ್ದಿಗಿಂತ ತೀಕ್ಷ್ಣವಾದ ಝೇಂಕಾರ ಆಗ ಕೇಳುತ್ತದೆ, ಪರಾಗ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಇಲ್ಲ. ಶಾಲೆಯ ಪ್ರಯೋಗಾಲಯದಿಂದ ಶ್ರುತಿಕವೆ ಸಿಕ್ಕಿದರೆ ಅದನ್ನು ಬಡಿದು ಹೂವಿನ ತೊಟ್ಟಿಗೆ ತಾಗಿಸಿ, ಕೆಳಗೆ ಕಪ್ಪು ಕಾಗದ ಹಿಡಿಯಿರಿ. ಹಳದಿ ಹುಡಿ ಬೀಳುವುದನ್ನು ಕಂಡ ಮಗುವಿಗೆ ಶಬ್ದವೆಂದರೆ ಕಂಪನ ಎಂಬುದನ್ನು ಮತ್ತೆ ಹೇಳಿಕೊಡಬೇಕಿಲ್ಲ.

ಗುಳ್ಳದ್ದೇ ಇನ್ನೊಂದು ಗುಟ್ಟು: ಒಂದೇ ಗಿಡದಲ್ಲಿ ಕೆಲವು ಹೂಗಳ ಶಲಾಕೆ ಕೇಸರಗಳಿಗಿಂತ ಉದ್ದ, ಕೆಲವುಗಳದ್ದು ಗಿಡ್ಡ. ಗಿಡ್ಡ ಶಲಾಕೆಯ ಹೂಗಳು ಸಾಮಾನ್ಯವಾಗಿ ಕಾಯಿ ಕಚ್ಚುವುದಿಲ್ಲ. ಭೂತಗನ್ನಡಿ ಕೊಟ್ಟು ಗುರುತಿಸಲು ಹೇಳಿ, ಯಾವುದು ಕಾಯಾದೀತು ಎಂದು ಮೊದಲೇ ಬರೆಯಿಸಿ.

ಮಣ್ಣಿನಡಿ, ಎಲೆಯ ಮೇಲೆ

ಅಲಸಂಡೆ ಹೂ ಬಿಡುವಾಗ ಒಂದು ಗಿಡವನ್ನು ತ್ಯಾಗ ಮಾಡಿ. ಸುತ್ತ ಅಗೆದು, ಬೇರು ಹರಿಯದಂತೆ ಎತ್ತಿ ನೀರಿನಲ್ಲಿ ತೊಳೆದರೆ ಬೇರಿನ ಮೇಲೆ ಸಣ್ಣ ಗಂಟುಗಳು ಕಾಣುತ್ತವೆ. ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು. ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವಂತೆ ಮಾಡುತ್ತವೆ. ಆ ಕೆಲಸಕ್ಕೆ ಆಮ್ಲಜನಕ ಅತಿಯಾಗಬಾರದು; ಅದನ್ನು ಹಿಡಿದಿಡುವ ಲೆಗ್‌ಹಿಮೋಗ್ಲೋಬಿನ್‌ನ ಬಣ್ಣವದು, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿ. ಗಂಟಿನ ಒಳಗೆ ಬಿಳಿ ಅಥವಾ ಹಸಿರಿದ್ದರೆ ಅಲ್ಲಿ ಕೆಲಸ ನಡೆಯುತ್ತಿಲ್ಲ. ಒಂದು ಸಾಲಿಗೆ ಯೂರಿಯಾ ಹಾಕಿ, ಇನ್ನೊಂದಕ್ಕೆ ಹಾಕದೆ ಗಂಟುಗಳನ್ನು ಎಣಿಸುವುದು ಹೈಸ್ಕೂಲಿನ ಮಕ್ಕಳಿಗೆ ತಕ್ಕ ಪ್ರಯೋಗ. ಸಾರಜನಕ ಪುಕ್ಕಟೆ ಸಿಕ್ಕಿದ ಗಿಡ ಬ್ಯಾಕ್ಟೀರಿಯಾಕ್ಕೆ ಅನ್ನ ಹಾಕುವುದನ್ನು ಕಡಿಮೆ ಮಾಡುತ್ತದೆ.

ಅಲಸಂಡೆ ಬಳ್ಳಿ ಕೋಲಿಗೆ ಯಾವ ದಿಕ್ಕಿನಲ್ಲಿ ಸುತ್ತುತ್ತದೆ ಎಂದು ಮೇಲಿನಿಂದ ನೋಡಿ ಹೇಳಲಿ. ಗಡಿಯಾರದ ಮುಳ್ಳಿಗೆ ಎದುರು ದಿಕ್ಕು. ಬಿಡಿಸಿ ಅದಕ್ಕೆ ವಿರುದ್ಧವಾಗಿ ಸುತ್ತಿದರೆ ಒಪ್ಪುತ್ತದೆಯೇ? ಸೌತೆಯ ಕುಡಿಬಳ್ಳಿ ಆಸರೆ ಹಿಡಿದ ಮೇಲೆ ಸುರುಳಿಯಾಗುವಾಗ ನಡುವೆ ದಿಕ್ಕು ಬದಲಿಸುತ್ತದೆ. ಚಾರ್ಲ್ಸ್ ಡಾರ್ವಿನ್ ಇಂಥ ಬಳ್ಳಿಗಳನ್ನೇ ಗಂಟೆಗಟ್ಟಲೆ ಕಾದು ನೋಡಿ 1865ರಲ್ಲಿ ದೀರ್ಘ ಪ್ರಬಂಧ ಬರೆದ. ಸುರುಳಿ ದಿಕ್ಕು ಬದಲಿಸುವುದೇಕೆಂದರೆ, ಎರಡು ತುದಿಯೂ ಕಟ್ಟಿಹೋದ ದಾರವನ್ನು ತಿರುಚದೆ ಸುರುಳಿ ಮಾಡಲು ಬೇರೆ ದಾರಿಯಿಲ್ಲ. ಟೆಲಿಫೋನಿನ ವಯರು ಸಿಕ್ಕಿದರೆ ಅದರಲ್ಲೇ ಮಾಡಿ ನೋಡಬಹುದು.

ಕೀಟಗಳ ವಿಷಯದಲ್ಲಿ ಒಂದೇ ಮಾತು: ಸಿಂಪಡಿಸುವ ಮೊದಲು ಒಂದು ವಾರ ನೋಡಿ. ಅಲಸಂಡೆಯ ತುದಿಗೆ ಕರಿ ಹೇನು ಬರುತ್ತದೆ, ಅದರ ಸಿಹಿ ದ್ರವಕ್ಕೆ ಇರುವೆ ಬರುತ್ತದೆ, ಹೇನನ್ನು ತಿನ್ನಲು ಗುಲಗಂಜಿ ಹುಳವೂ ಅದರ ಮೊಸಳೆಯಾಕಾರದ ಮರಿಗಳೂ ಬರುತ್ತವೆ. ಈ ಸರಪಳಿಯನ್ನು ಮಕ್ಕಳು ಚಿತ್ರ ಬರೆದು ಗುರುತಿಸಲಿ. ಹಾಗಲ, ಹೀರೆಗೆ ಕಾಯಿನೊಣದ ಕಾಟ ತಪ್ಪದು. ಎಳೆ ಕಾಯಿಗೆ ಕಾಗದದ ಚೀಲ ಕಟ್ಟಿ, ಕಟ್ಟದ ಕಾಯಿಯೊಡನೆ ಹೋಲಿಸಿ. ಮಕ್ಕಳು ಕೈಯಾಡಿಸುವ ತೋಟಕ್ಕೆ ಅಂಗಡಿಯ ಕೀಟನಾಶಕ ಬೇಡವೇ ಬೇಡ.

ಮಣಿಪಾಲದ ಫ್ಲ್ಯಾಟುಗಳಲ್ಲಿ ಇರುವವರಿಗೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಬಾಲ್ಕನಿ ಇದ್ದರೆ ಹರಿವೆ, ಬಸಳೆ, ಮೆಣಸು, ಒಂದೆರಡು ಬೆಂಡೆ ಆಗುತ್ತವೆ. ಹೂವಿಗೆ ನೊಣ ಬಾರದೆ ಹೋದರೂ ಚಿಂತೆಯಿಲ್ಲ, ಬೆಂಡೆ ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಾಗುತ್ತದೆ. ಬಿಸಿಲೇ ಕಡಿಮೆಯಿದ್ದರೆ ಒಂದು ಕುಂಡದಲ್ಲಿ ಕೆಸು ಇಟ್ಟು, ಎಲೆಯ ಮೇಲೆ ನೀರು ಚೆಲ್ಲಿ ಹನಿ ಉರುಳುವುದನ್ನು ನೋಡಿ. ಎಲೆಯ ಮೇಲಿರುವ ಅತಿ ಸೂಕ್ಷ್ಮ ಮೇಣದ ಉಬ್ಬುಗಳೇ ಅದಕ್ಕೆ ಕಾರಣ. ಪತ್ರೊಡೆಗೆ ಹುಣಸೆ ಹಾಕದಿದ್ದರೆ ನಾಲಿಗೆ ತುರಿಸುವುದೂ ಅದೇ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳಿಂದ.

ಮಳೆಗಾಲದಲ್ಲಿ ಎಚ್ಚರ ಬೇಕು. ಇಲಿಜ್ವರ ನಮ್ಮ ಜಿಲ್ಲೆಗೆ ಹೊಸದಲ್ಲ. ಕಾಲಿಗೆ ಗಾಯವಿದ್ದ ಮಗು ನಿಂತ ನೀರಿಗೆ, ಕೆಸರಿಗೆ ಇಳಿಯಬಾರದು. ಬೂಟು ಹಾಕಿಸಿ, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈಕಾಲು ತೊಳೆಸಿ. ತರಗೆಲೆ ರಾಶಿಗೆ ಬರಿಗೈ ಹಾಕಬಾರದು, ಮೊದಲು ಕೋಲಿನಿಂದ ತಟ್ಟಬೇಕು, ಹಾವು ಚೇಳು ಇರಬಹುದು. ಬೂದಿಯ ನೀರು, ಸುಣ್ಣ ಕಣ್ಣಿಗೆ ಹಾರದಂತೆ ದೊಡ್ಡವರೇ ಅಳೆದು ಕೊಡಲಿ.

ಮಣ್ಣು ಪರೀಕ್ಷೆ, ರೋಗದ ಗುರುತು, ಊರ ತಳಿಗಳ ವಿಷಯದಲ್ಲಿ ಸಂದೇಹ ಬಂದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಇದೆ. ಅದರ ಜೊತೆಗಿರುವ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಕರಾವಳಿಯ ಬೆಳೆಗಳ ಮೇಲೇ ಕೆಲಸ ಮಾಡುತ್ತದೆ. ಮಗುವನ್ನೂ ಕರೆದೊಯ್ಯಿರಿ, ಪ್ರಶ್ನೆಯನ್ನು ಅದೇ ಕೇಳಲಿ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಸಸ್ಯಶಾಸ್ತ್ರಜ್ಞರಾಗಿದ್ದ ಕೆ. ಗೋಪಾಲಕೃಷ್ಣ ಭಟ್ ಅವರು 2003ರಲ್ಲಿ ಹೊರತಂದ 'ಫ್ಲೋರಾ ಆಫ್ ಉಡುಪಿ' ಗ್ರಂಥಾಲಯದಲ್ಲಿ ಸಿಕ್ಕಿದರೆ, ಬೇಲಿಯಂಚಿನ ಕಳೆಗಿಡಕ್ಕೂ ಒಂದು ಹೆಸರು, ಒಂದು ಕುಟುಂಬ ಇದೆಯೆಂದು ತೋರಿಸಬಹುದು. ಸಾಂಬಾರಿನ ಮೆಣಸು, ಟೊಮೆಟೊ ಎಲ್ಲಿಂದ ಬಂದವು ಎಂದು ಕೇಳುವ ಮಕ್ಕಳಿಗೆ ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'ದಿಂದ ನೀವೇ ಓದಿ ಹೇಳಿ.

ಕೊನೆಗೆ ಬೀಜ. ಅಲಸಂಡೆ, ಬೆಂಡೆಗಳ ಎರಡು ಮೂರು ಒಳ್ಳೆಯ ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಡಿ. ಪೊಟ್ಟಣದ ಮೇಲೆ ಎಫ್ 1 ಎಂದಿದ್ದ ಹೈಬ್ರಿಡ್ ಬೀಜದ ಬೆಳೆಯಾದರೆ ಮುಂದಿನ ಸಲ ತಾಯಿಯಂಥ ಗಿಡಗಳೇ ಬರಲಿಕ್ಕಿಲ್ಲ. ಅದನ್ನೂ ಒಮ್ಮೆ ಬಿತ್ತಿ ಗಿಡಗಿಡಕ್ಕೂ ಏನು ವ್ಯತ್ಯಾಸ ಬಂತೆಂದು ಬರೆಯಿಸಿ. ಊರ ಬೀಜವಾದರೆ ಚೆನ್ನಾಗಿ ಒಣಗಿಸಿ, ಅರ್ಧವನ್ನು ಬೂದಿಯಲ್ಲಿ ಹೊರಳಿಸಿ ಒಂದು ಡಬ್ಬಿಯಲ್ಲೂ ಇನ್ನರ್ಧವನ್ನು ಬೂದಿಯಿಲ್ಲದೆ ಬೇರೆ ಡಬ್ಬಿಯಲ್ಲೂ ಹಾಕಿ ಮುಚ್ಚಿ, ತಳಿಯ ಹೆಸರು, ಕೊಯ್ದ ತಾರೀಕು, ಬೆಳೆದ ಮಗುವಿನ ಹೆಸರು ಬರೆದು ಅಂಟಿಸಿ. ಮುಂದಿನ ಮೇ ತಿಂಗಳಲ್ಲಿ ಎರಡರಿಂದಲೂ ಹತ್ತು ಹತ್ತು ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹುಳ ಹಿಡಿದದ್ದು ಎಷ್ಟು, ಮೊಳೆತದ್ದು ಎಷ್ಟು ಎಂದು ಎಣಿಸುವ ಕೆಲಸ ಮಗುವಿನದು.